ಎಂಜಿನ್ ಬಿಸಿ ಮೊದಲು ಬಚ್ಚಲಿಗೆ, ಆಮೇಲೆ ಏಸಿಗೆ

ಕಾರವಾರದ ಕಡಲ ಬದಿಯ ಒಂದು ಹೋಟೆಲಿನಲ್ಲಿ ಮಷಿನ್ ರೂಮ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಎಂಜಿನ್ನಿನಿಂದ ಕರೆಂಟು, ಬಿಸಿನೀರು, ತಂಪು ಮೂರನ್ನೂ ತೆಗೆಯುತ್ತೇವೆ. ಇದನ್ನು ದಿನವಿಡೀ ಓಡಿಸಿದರೆ ಬಿಲ್ ಕಮ್ಮಿ ಆಗುತ್ತಾ ಅಂತ ಕೇಳುವವರು ಜಾಸ್ತಿ. ಡೀಸೆಲ್ ಆದರೆ ಆಗಲ್ಲ.

ಲೆಕ್ಕ ನೋಡಿ. ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಶಕ್ತಿ ಇದೆ. ಕರೆಂಟಾಗಿ ಸಿಗುವುದು 3.5. ಹೊಗೆ ಮತ್ತು ಎಂಜಿನ್ ನೀರಿನಿಂದ ಇನ್ನೊಂದು 4 ಯೂನಿಟ್ ಬಿಸಿ ಹಿಡಿಯಬಹುದು. ಲೀಟರಿಗೆ 90 ರೂಪಾಯಿ ಅಂದುಕೊಂಡರೆ, ಆ ಬಿಸಿಯನ್ನು ಪೂರ್ತಿ ಬಳಸಿದರೂ ಯೂನಿಟ್‌ಗೆ 12 ರೂಪಾಯಿ ಬಿತ್ತು. ಲೈನ್ ಕರೆಂಟಿಗಿಂತ ಇದು ದುಬಾರಿ, ಅದಕ್ಕೇ ಕರೆಂಟು ಹೋದಾಗ ಮಾತ್ರ ಓಡಿಸಿ. ಬಯೋಗ್ಯಾಸ್ ಇದ್ದವರ ಲೆಕ್ಕ ಬೇರೆ.

ದುಡ್ಡು ಉಳಿಯುವುದೂ ಸೋರುವುದೂ ಆ 4 ಯೂನಿಟ್ ಬಿಸಿಯಲ್ಲಿ. ಬಚ್ಚಲಿಗೆ, ಬಟ್ಟೆ ಒಗೆಯುವುದಕ್ಕೆ ಕೊಟ್ಟರೆ ಗೀಸರ್ ತಿನ್ನುತ್ತಿದ್ದ 4 ಯೂನಿಟ್ ಉಳಿಯಿತು. ಅದನ್ನೇ ಬಿಸಿಯಿಂದ ಓಡುವ ಅಬ್ಸಾರ್ಪ್ಶನ್ ಚಿಲ್ಲರ್‌ಗೆ (ಏಸಿಗೆ ಬೇಕಾದ ನೀರನ್ನು ತಣ್ಣಗೆ ಮಾಡುವ ಯಂತ್ರ) ಕೊಟ್ಟರೆ ಸಿಗುವುದು 2.8 ಯೂನಿಟ್ ತಂಪು. ಅಷ್ಟು ತಂಪನ್ನು ಕರೆಂಟಿನ ಒಳ್ಳೆ ಚಿಲ್ಲರ್ 0.7 ಯೂನಿಟ್‌ನಲ್ಲಿ ಮಾಡಿಬಿಡುತ್ತದೆ! ಬಚ್ಚಲಿಗೆ ಸಾಕಾಗಿ ಮಿಕ್ಕಿದ್ದನ್ನಷ್ಟೇ ಚಿಲ್ಲರ್‌ಗೆ ತಿರುಗಿಸಿ. ಮಾರುವವರು ಇದನ್ನು ಹೇಳುವುದಿಲ್ಲ ಬಿಡಿ.

ಮಳೆಗಾಲದಲ್ಲಿ ಗಾಳಿ ಎದ್ದರೆ ಮರ ಬಿದ್ದು ಲೈನ್ ಹೋಗುವುದು ಗ್ಯಾರಂಟಿ ಅಲ್ವಾ? ಅಂಥ ದಿನ ಬಿಸಿನೀರಿನ ಟ್ಯಾಂಕನ್ನು ಗೀಸರ್‌ನಲ್ಲಿ ಪೂರ್ತಿ ಕಾಯಿಸಿಡಬೇಡಿ. ಎಂಜಿನ್ ಶುರುವಾದಾಗ ಟ್ಯಾಂಕ್ ಕಾದೇ ಇದ್ದರೆ ಬಿಸಿಯೆಲ್ಲ ಸುಮ್ನೆ ರೇಡಿಯೇಟರ್‌ನಿಂದ ಹೊರಗೆ ಹೋಗುತ್ತದೆ.

ಚಿಲ್ಲರ್ ತಣ್ಣಗೆ ಮಾಡಿದ ನೀರನ್ನು ಏಸಿಗಾಗಿ ಕೂಡಿಡುವ ತಣ್ಣೀರಿನ ಟ್ಯಾಂಕ್ ರಾತ್ರಿ ಕೆಲಸದ್ದು. 10,000 ಲೀಟರ್ ನೀರನ್ನು 12 ಡಿಗ್ರಿಯಿಂದ 6ಕ್ಕೆ ಇಳಿಸಿದರೆ ಸುಮಾರು 70 ಯೂನಿಟ್ ತಂಪು ಕೂಡಿಟ್ಟ ಹಾಗೆ. ಹೊತ್ತಿಗೊಂದು ದರ ನಿಮ್ಮ ಬಿಲ್‌ನಲ್ಲಿದೆಯೇ ನೋಡಿ; ಇದ್ದರೆ ರಾತ್ರಿ ಅಗ್ಗದ ಹೊತ್ತಲ್ಲಿ ತುಂಬಿ, ಸಂಜೆ ಚಿಲ್ಲರ್ ನಿಲ್ಲಿಸಿ ಬರೀ ಪಂಪ್ ಓಡಿಸಿ. ದರ ಒಂದೇ ಆಗಿದ್ದರೂ ರಾತ್ರಿ ಹೊರಗಿನ ಗಾಳಿ ತಂಪಿರುವುದರಿಂದ ಚಿಲ್ಲರ್‌ಗೆ ಹೊರೆ ಸ್ವಲ್ಪ ಕಮ್ಮಿ. ತಣ್ಣೀರು ಟ್ಯಾಂಕಿನ ತಳದಿಂದ ನಿಧಾನಕ್ಕೆ ಒಳಬರಲಿ. ರಭಸದಿಂದ ನುಗ್ಗಿದರೆ ಮೇಲಿನ ಬೆಚ್ಚನೆ ನೀರಿನ ಜೊತೆ ಕಲಸಿಹೋಗುತ್ತದೆ. ನಾನು ಮೇಲೆ, ನಡುವೆ, ಕೆಳಗೆ ಮೂರು ಥರ್ಮಾಮೀಟರ್ ಹಾಕಿಸಿದ್ದೇನೆ. ಮೂರೂ ಒಂದೇ ತೋರಿಸಿ, ಅದೂ ಒಂಬತ್ತೋ ಹತ್ತೋ ಇದ್ದರೆ ಪಂಪ್ ಜೋರಾಯಿತು ಅಂತ ಅರ್ಥ.

ಇನ್ನು ಹೊಗೆಯ ಬಿಸಿ. ಅದನ್ನು ಆಸೆಪಟ್ಟು ಕೊನೆವರೆಗೂ ಹೀರಬೇಡಿ. 150 ಡಿಗ್ರಿಗಿಂತ ತೀರಾ ಕೆಳಗೆ ಇಳಿಸಿದರೆ ಡೀಸೆಲ್‌ನ ಗಂಧಕ ಆಸಿಡ್ ಆಗಿ ಪೈಪನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನುವುದಕ್ಕೆ ನಮ್ಮ ಉಪ್ಪುಗಾಳಿ ಇದ್ದೇ ಇದೆ. ಚಿಲ್ಲರಿನ ಬಿಸಿಯನ್ನು ಗಾಳಿಗೆ ಬಿಡುವ, ಹೊರಗಿರುವ ಕಂಡೆನ್ಸರ್ ರೆಕ್ಕೆಗಳಿಗೆ ವಾರಕ್ಕೊಮ್ಮೆ ಸಿಹಿನೀರು ಬಿಡಿ.