ಕಲ್ಲಡಿಯ ಹುಳ ಹುಡುಕಿಕೊಂಡು

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಮೀನು ಆರಿಸಿಕೊಳ್ಳುತ್ತೇನೆ ಅಂತ ಮನೆಯಲ್ಲಿ ಅಂದುಕೊಂಡಿದ್ದರು. ನಾನು ಆರಿಸಿಕೊಂಡಿದ್ದು ಹುಳ. ಬಾಟಲಿಗೆ ನೀರು ತುಂಬಿ ಪರೀಕ್ಷಿಸಿದರೆ ಆ ಹೊತ್ತಿನ ನೀರು ಹೇಗಿದೆ ಅನ್ನೋದಷ್ಟೇ ಗೊತ್ತಾಗುತ್ತದೆ. ಕಲ್ಲಡಿಯ ಹುಳ ವಾರಗಟ್ಟಲೆ ಅದೇ ನೀರಲ್ಲಿ ಇರುತ್ತದೆ. ಮೊನ್ನೆ ರಾತ್ರಿ ಯಾರಾದರೂ ವಿಷ ಹರಿಯಬಿಟ್ಟಿದ್ದರೆ ಇವತ್ತು ಆ ಹುಳ ಅಲ್ಲಿ ಸಿಗಲ್ಲ.

ನಾವು ಮೂವರು ಬಳ್ಳಾರಿಯಿಂದ ತುಂಗಭದ್ರೆಯ ದಡದ ಆನೆಗೊಂದಿಗೆ ಹೋಗುತ್ತಿದ್ದೆವು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಸಿಕ್ಕ ಮೇಲೇ ನೀರಿಗೆ ಇಳಿದೆವು. ಮೇಲೆ ಡ್ಯಾಮ್ ಇದೆ, ನೀರು ಬಿಡ್ತಾರಾ ಅಂತ ಕೇಳಿಕೊಳ್ಳದೆ ಇಳಿಯಬಾರದು.

ಮೊಣಕಾಲುದ್ದ ನೀರಲ್ಲಿ ಒಬ್ಬರು ಹರಿವಿಗೆ ಎದುರಾಗಿ ಬಲೆ ಹಿಡಿಯಬೇಕು. ಇನ್ನೊಬ್ಬರು ಬಲೆಯ ಮುಂದೆ ನಿಂತು ಕಲ್ಲುಗಳನ್ನು ಕಾಲಿನಿಂದ ಕೆದಕಬೇಕು. ಎಲ್ಲಾ ಕಡೆ ಸರಿಯಾಗಿ ಮೂರೇ ನಿಮಿಷ. ಇಲ್ಲಾಂದ್ರೆ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸೋಕೆ ಆಗಲ್ಲ. ಆಮೇಲೆ ಬಿಳಿ ಟ್ರೇಗೆ ಸುರಿಯಬೇಕು. ಮೊದಲು ಬರೀ ಕೆಸರು, ಕೊಳೆತ ಎಲೆ. ಅರ್ಧ ನಿಮಿಷ ಸುಮ್ನೆ ನೋಡುತ್ತಾ ಕೂತರೆ ಕಸವೇ ನಡೆಯೋಕೆ ಶುರು ಮಾಡುತ್ತದೆ! ಹರಿವು ಜೋರಾಗಿದ್ದಲ್ಲಿ ಮೇಫ್ಲೈ ಅನ್ನೋ ಕೀಟದ ಮರಿಗಳು ಸಿಕ್ಕವು. ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಪಕ್ಕದಲ್ಲಿ ಪಟಪಟ ಅಲ್ಲಾಡುವ ಕಿವಿರು. ಊರಿನ ಚರಂಡಿ ಸೇರುವ ಕಡೆ ಅವು ಒಂದೂ ಇಲ್ಲ, ಬರೀ ದಾರದಂಥ ಕೆಂಪು ಹುಳ. ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್ ಅವುಗಳಲ್ಲೂ ಇದೆ. ಹಾಗಾಗಿ ಆಮ್ಲಜನಕ ಕಡಿಮೆಯಿದ್ದರೂ ಬದುಕುತ್ತವೆ.

ಮೊದಲ ಸಲ ತಂದ ಹನ್ನೊಂದು ಬಾಟಲಿ ವ್ಯರ್ಥವಾದವು. ತಪ್ಪು ನನ್ನದೇ. ಬಾಟಲಿಗಳ ಮೇಲೆ ಪೆನ್ನಲ್ಲಿ ಬರೆದಿದ್ದೆ. ಬಸ್ಸಿನ ಕುಲುಕಾಟಕ್ಕೆ, ಹುಳ ಕೆಡದಿರಲಿ ಅಂತ ಹಾಕಿದ್ದ ಆಲ್ಕೋಹಾಲ್ ಸೋರಿ, ಲ್ಯಾಬಿಗೆ ಬರುವಷ್ಟರಲ್ಲಿ ಎಲ್ಲಾ ಲೇಬಲ್ಲೂ ನೀಲಿ ಕಲೆ. ಯಾವ ಹುಳ ಎಲ್ಲಿಯದೋ! ಅವತ್ತಿಂದ ಚೀಟಿಗೆ ಪೆನ್ಸಿಲಲ್ಲಿ ಬರೆದು ಬಾಟಲಿಯ ಒಳಗೇ ಹಾಕುತ್ತೇನೆ. ಪೆನ್ಸಿಲ್ ಗೀಟು ಆಲ್ಕೋಹಾಲಲ್ಲಿ ಕರಗಲ್ಲ.

ಅಲ್ಲೇ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ದಿನಾ ನಗುತ್ತಿದ್ದರು. 'ಏನ್ ತಂಗಿ, ಮೀನ್ ಬಿಟ್ಟು ಹುಳ ಹಿಡ್ಯಾಕತ್ತೀರಲ್ಲ?' ಟ್ರೇ ತೋರಿಸಿದೆ. ಮುಂದಿನ ವಾರ ಹೋದಾಗ ಹರಗೋಲಿನಿಂದ ಒಂದು ಡಬ್ಬಿ ತೆಗೆದರು. 'ನಿಮ್ಮ ಮೂರು ಬಾಲದ್ದು ಸಿಕ್ಕೈತಿ ನೋಡ್ರಿ.' ನೋಡಿದರೆ ಸೂಜಿಯಂಥ ಸಣ್ಣ ಏರೋಪ್ಲೇನ್ ಚಿಟ್ಟೆಯ ಮರಿ. ಅದರ ಹಿಂದಿರುವ ಮೂರು ಎಲೆಗಳು ಬಾಲವಲ್ಲ ಅಣ್ಣಾರ, ಕಿವಿರು ಅಂದೆ. 'ಕಿವಿರು ಕುಂಡ್ಯಾಗ?' ಅಂತ ಡಬ್ಬಿಯನ್ನು ಮತ್ತೆ ಕಣ್ಣ ಹತ್ತಿರ ಹಿಡಿದರು.