ಮಾತ್ರೆಯ ಹೆಸರು ಅದೇ, ಕಂಪನಿ ಬೇರೆ: ಅಮೆರಿಕದಲ್ಲಿ ಸೀಲಿಯಾಕ್ ಇರುವವರು ಔಷಧ ನೋಡಿ ತಗೊಳ್ಳುವುದು ಹೇಗೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಿದರೆ ಸ್ಟ್ರಿಪ್ ಕೊಡುತ್ತಾರೆ. ಕಂಪನಿ ಹೆಸರು ಅದರ ಬೆನ್ನ ಮೇಲೇ ಇರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಫಾರ್ಮಸಿಯವರು ದೊಡ್ಡ ಡಬ್ಬಿಯಿಂದ ಮಾತ್ರೆ ಎಣಿಸಿ ಕಿತ್ತಳೆ ಬಣ್ಣದ ಸಣ್ಣ ಡಬ್ಬಿಗೆ ಸುರಿದು, ಮೇಲೊಂದು ಲೇಬಲ್ ಅಂಟಿಸಿ ಕೊಡುತ್ತಾರೆ. ಮುಂದಿನ ತಿಂಗಳು ಅವರು ಬೇರೆ ಕಂಪನಿಯ ಜೆನೆರಿಕ್ ತರಿಸಿದರೆ, ಅದೇ ಡಬ್ಬಿ, ಅದೇ ಹೆಸರು, ಒಳಗೆ ಬೇರೆ ಮಾತ್ರೆ.

ನಮ್ಮ ಮನೆಯವರು ಚಿತ್ರದುರ್ಗದವರು, ಅವರಿಗೆ ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ. ಮೂರನೇ ಸಲ ಬಿಪಿ ಮಾತ್ರೆ ತಂದಾಗ ದುಂಡಗಿದ್ದದ್ದು ಉದ್ದ ಆಗಿತ್ತು. ಫೋನ್ ಮಾಡಿದರೆ 'ಅದೇ ಔಷಧ, ತಗೊಳ್ಳಿ' ಅಂದರು. ಔಷಧ ಅದೇ, ನಿಜ. ಆದರೆ ಮಾತ್ರೆ ಗಟ್ಟಿಯಾಗಲಿ, ಹೊಟ್ಟೆಯಲ್ಲಿ ಬೇಗ ಕರಗಲಿ ಅಂತ ಸೇರಿಸುವ ಸ್ಟಾರ್ಚ್, ಬಣ್ಣ, ಅಂಟು ಇವೆಲ್ಲ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಮತ್ತು ನಮಗೆ ಬೇಕಾದ ಉತ್ತರ ಅಲ್ಲೇ ಇರುವುದು. ಎರಡು ದಿನ ಹುಡುಕಿದ ಮೇಲೆ ಅದು ಜೋಳದ, ಅಂದರೆ ಮೆಕ್ಕೆಜೋಳದ ಸ್ಟಾರ್ಚ್ ಅಂತ ಗೊತ್ತಾಯಿತು. ಆ ಎರಡು ದಿನದ ಆತಂಕ ನಿಮಗೆ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಧೈರ್ಯದ ಮಾತು. ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಪ್ರಕಾರ, ಗೋಧಿ ಹಿಟ್ಟನ್ನೋ ಗ್ಲುಟೆನ್ನನ್ನೋ ಬೇಕಂತಲೇ ಸೇರಿಸಿದ, ನುಂಗುವ ಔಷಧ ಯಾವುದೂ ಅದರ ಗಮನಕ್ಕೆ ಬಂದಿಲ್ಲ. ಗೋಧಿ ಸ್ಟಾರ್ಚ್ ಇರುವ ಮಾತ್ರೆಗಳು ಬಹಳ ಕಡಿಮೆ. ಅವುಗಳಲ್ಲೂ ಒಂದು ಡೋಸ್‌ಗೆ 0.5 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಲಾರದು ಅನ್ನುವುದು ಅವರ ಅಂದಾಜು. ಹೋಲಿಕೆಗೆ ಹೇಳುವುದಾದರೆ, 'ಗ್ಲುಟೆನ್ ಫ್ರೀ' ಅಂತ ಬರೆದ ತಿಂಡಿಯಲ್ಲಿ ಗ್ಲುಟೆನ್ 20 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷಕ್ಕೆ 20 ಪಾಲಿಗಿಂತ, ಕಡಿಮೆ ಇರಬೇಕು. ಆ ಮಿತಿಯ ಅಂಚಿನಲ್ಲಿರುವ 30 ಗ್ರಾಂ ತಿಂಡಿ ತಿಂದರೆ ಸುಮಾರು 0.6 ಮಿಲಿಗ್ರಾಂ ಆಗುತ್ತದೆ. ಹಾಗಾಗಿ ಅನುಮಾನ ಬಂತು ಅಂತ ಬಿಪಿ, ಸಕ್ಕರೆ, ಫಿಟ್ಸ್ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಮತ್ತೆ ಯಾಕೆ ಹುಡುಕಬೇಕು? ಯಾಕಂದ್ರೆ ಕಾನೂನು ನಮ್ಮ ಪರವಾಗಿ ಬರೆಯಿಸುವುದಿಲ್ಲ. ಪೊಟ್ಟಣದ ತಿಂಡಿಯಲ್ಲಿ ಗೋಧಿ ಇದ್ದರೆ ಹೇಳಲೇಬೇಕು ಅನ್ನುವ 2004ರ ಕಾನೂನು ಔಷಧಕ್ಕೆ ಅನ್ವಯಿಸುವುದಿಲ್ಲ. 2017ರಲ್ಲಿ ಎಫ್‌ಡಿಎ ಒಂದು ಕರಡು ಸಲಹೆ ಹೊರಡಿಸಿತು, ಗೋಧಿ, ಬಾರ್ಲಿ, ರೈ ಧಾನ್ಯದಿಂದ ಮಾಡಿದ ಪದಾರ್ಥ ಇದರಲ್ಲಿಲ್ಲ ಅಂತ ಕಂಪನಿಗಳು ಬರೆಯಬಹುದು ಅಂತ. ಬರೆಯಬಹುದು, ಅಷ್ಟೇ. ಕಡ್ಡಾಯ ಅಲ್ಲ. ಇನ್ನು ವಿಟಮಿನ್ ಮಾತ್ರೆಗಳು ಇಲ್ಲಿ ಆಹಾರದ ಲೆಕ್ಕಕ್ಕೆ ಬರುತ್ತವೆ, ಅವುಗಳಲ್ಲಿ ಗೋಧಿ ಇದ್ದರೆ ಹಾಗಂತ ಬರೆಯಲೇಬೇಕು.

ಈಗ ಕೆಲಸಕ್ಕೆ ಬರೋಣ. ಡಬ್ಬಿಯ ಲೇಬಲ್ ಮೇಲೆ ಕಂಪನಿ ಹೆಸರು ಹುಡುಕಿ, ಸಾಮಾನ್ಯವಾಗಿ ಎಂಎಫ್‌ಆರ್ ಅನ್ನುವ ಅಕ್ಷರಗಳ ಪಕ್ಕ ಇರುತ್ತದೆ. ಎನ್‌ಡಿಸಿ ನಂಬರೂ ಬೇಕು. ಅದು ಔಷಧಕ್ಕೆ, ಕಂಪನಿಗೆ, ಪ್ಯಾಕಿಗೆ ಸೇರಿಸಿ ಕೊಡುವ ಗುರುತು. ಲೇಬಲ್ ಮೇಲೆ ಇಲ್ಲದಿದ್ದರೆ ಫಾರ್ಮಸಿಸ್ಟ್ ಹತ್ತಿರ ಕೇಳಿ, ಕೊಡುತ್ತಾರೆ. ಆಮೇಲೆ ಡೈಲಿಮೆಡ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ. ದುಡ್ಡು ಕೊಡಬೇಕಿಲ್ಲ. ಪುಟದ ಕೊನೆಯಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ, ಅದರಲ್ಲಿ 'ಇನ್‌ಆಕ್ಟಿವ್', ಅಂದರೆ ಔಷಧದ ಜೊತೆಗೆ ಸೇರಿಸಿದ ಉಳಿದ ಪದಾರ್ಥಗಳು, ಅನ್ನುವ ಭಾಗ ನೋಡಿ. 'ಸ್ಟಾರ್ಚ್, ಕಾರ್ನ್' ಅಂದರೆ ಮೆಕ್ಕೆಜೋಳ. 'ಪೊಟೇಟೊ' ಅಂದರೆ ಆಲೂಗಡ್ಡೆ, 'ಟ್ಯಾಪಿಯೋಕ' ಅಂದರೆ ಮರಗೆಣಸು. ಇವು ಸರಿ. ಬರೀ 'ಸ್ಟಾರ್ಚ್', 'ಪ್ರೀಜೆಲಾಟಿನೈಸ್ಡ್ ಸ್ಟಾರ್ಚ್', 'ಡೆಕ್ಸ್‌ಟ್ರಿನ್' ಅಂತಿದ್ದು ಮೂಲ ಹೇಳದಿದ್ದರೆ ಅಲ್ಲಿ ನಿಲ್ಲಿ. ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಸಾಮಾನ್ಯವಾಗಿ ಆಲೂಗಡ್ಡೆಯದು, ಆದರೂ ಮೂಲ ಬರೆದಿಲ್ಲದಿದ್ದರೆ ಕೇಳಿ. ಲ್ಯಾಕ್ಟೋಸ್, ಮೆಗ್ನೀಸಿಯಂ ಸ್ಟಿಯರೇಟ್, ಸೆಲ್ಯುಲೋಸ್ ಕಂಡರೆ ಗ್ಲುಟೆನ್ ಚಿಂತೆ ಬೇಡ.

ಮೂಲ ಗೊತ್ತಾಗದಿದ್ದರೆ ಕಂಪನಿಗೇ ಫೋನ್ ಮಾಡಿ. 'ಗ್ಲುಟೆನ್ ಫ್ರೀನಾ?' ಅಂತ ಕೇಳಿದರೆ 'ನಾವು ಹಾಗೆ ಪ್ರಮಾಣಿಸುವುದಿಲ್ಲ' ಅಂತ ಬಾಯಿಪಾಠದ ಉತ್ತರ ಬರುತ್ತದೆ. ಅದರ ಬದಲು ಹೀಗೆ ಕೇಳಿ: ಈ ಎನ್‌ಡಿಸಿಯ ಮಾತ್ರೆಯಲ್ಲಿರುವ ಸ್ಟಾರ್ಚ್ ಯಾವ ಗಿಡದಿಂದ ಬಂದದ್ದು? ಗೋಧಿ, ಬಾರ್ಲಿ, ರೈಯಿಂದ ತಯಾರಾದ ಪದಾರ್ಥ ಏನಾದರೂ ಇದೆಯಾ? ಉತ್ತರ ಕೊಟ್ಟ ದಿನಾಂಕ ಬರೆದಿಟ್ಟುಕೊಳ್ಳಿ.

ಫಾರ್ಮಸಿಯ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ ಸೀಲಿಯಾಕ್ ಅಂತ ಸೇರಿಸಲು ಹೇಳಿ, ಕಂಪನಿ ಬದಲಾದರೆ ಮೊದಲೇ ತಿಳಿಸಿ ಅಂತಲೂ ಹೇಳಿ. ನಮಗೆ ಇದರಿಂದ ತುಂಬಾ ಅನುಕೂಲ ಆಯಿತು. ಆದರೂ ಪ್ರತಿ ರೀಫಿಲ್‌ಗೂ ಡಬ್ಬಿ ಮುಚ್ಚಳ ತೆಗೆದು ಕೌಂಟರ್ ಮುಂದೆಯೇ ಮಾತ್ರೆ ನೋಡಿ, ಮನೆಗೆ ಒಯ್ದ ಮೇಲೆ ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ.

ಊರಿಂದ ಅಪ್ಪ ಅಮ್ಮ ಬರುವಾಗ ಆರು ತಿಂಗಳಿಗಾಗುವಷ್ಟು ಮಾತ್ರೆ ತರುತ್ತಾರೆ, ಅಲ್ವಾ? ಸೀಲಿಯಾಕ್ ಇರುವವರು ತಲೆನೋವು ಅಂತ ಅದರಲ್ಲೊಂದು ಸುಮ್ನೆ ನುಂಗಬೇಡಿ. ಅಲ್ಲಿನ ಸ್ಟ್ರಿಪ್ ಮೇಲೆ ಹೆಚ್ಚಾಗಿ ಔಷಧದ ಹೆಸರು, ಬಣ್ಣ ಇರುತ್ತದೆ, ಉಳಿದದ್ದೆಲ್ಲ 'ಎಕ್ಸಿಪಿಯೆಂಟ್ಸ್' ಅನ್ನುವ ಒಂದೇ ಪದದಲ್ಲಿ ಮುಗಿಯುತ್ತದೆ. ಅದೇ ಚೀಲದಲ್ಲಿ ಇಂಗಿನ ಡಬ್ಬಿಯೂ ಇರುತ್ತದೆ. ಅದನ್ನೂ ತಿರುಗಿಸಿ ಓದಿ, ಬಹಳಷ್ಟು ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ನಮ್ಮ ಅತ್ತೆ ಈಗ ಊರಲ್ಲೇ ಲೇಬಲ್ ಓದಿ, ಅಕ್ಕಿ ಹಿಟ್ಟು ಸೇರಿಸಿದ್ದನ್ನು ಹುಡುಕಿ ತರುತ್ತಾರೆ.