ಎನ್‌ಕೌಂಟರ್ ಸುದ್ದಿ ಬಂದಾಗ ಯಾವ ಕಾಗದ ಕೇಳಬೇಕು?

‘ಮಹಜರಿಗೆ ಕರೆದೊಯ್ದಾಗ ಆರೋಪಿ ಪೊಲೀಸರ ಮೇಲೆ ಹಲ್ಲೆ ಮಾಡಿ ಪರಾರಿಯಾಗಲು ಯತ್ನಿಸಿದ. ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ಶರಣಾಗದ ಕಾರಣ ಆತ್ಮರಕ್ಷಣೆಗಾಗಿ ಗುಂಡು ಹಾರಿಸಲಾಯಿತು.’ ಕನ್ನಡ ಪತ್ರಿಕೆ ಓದುವವರಿಗೆ ಈ ಒಕ್ಕಣೆ ಬಾಯಿಪಾಠವಾಗಿದೆ. ಸುದ್ದಿ ಹಬ್ಬಿದ ತಾಸಿನೊಳಗೆ ಊರು ಎರಡು ಪಾಲಾಗುತ್ತದೆ. ಪೊಲೀಸರಿಗೆ ಹಾರ ಹಾಕುವವರು ಒಂದು ಕಡೆ, ಇದು ಕೊಲೆ ಎನ್ನುವವರು ಇನ್ನೊಂದು ಕಡೆ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಪುಟ್ಟ ಹುಡುಗಿಯ ಕೊಲೆ ಆರೋಪಿ ಗುಂಡಿಗೆ ಬಲಿಯಾದಾಗಲೂ, 2024ರ ನವೆಂಬರ್ 18ರಂದು ಹೆಬ್ರಿ ಬಳಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತಾಗಲೂ ಹೀಗೇ ಆಯಿತು. ಚರ್ಚೆಯೆಲ್ಲ ಸತ್ತವನು ಎಂಥವನು ಎಂಬುದರ ಸುತ್ತಲೇ ಸುತ್ತುತ್ತದೆ.

ಕಾನೂನು ಕೇಳುವುದು ಬೇರೆ. ಗುಂಡು ಹಾರಿದ ಆ ಗಳಿಗೆಯಲ್ಲಿ ಯಾರ ಜೀವಕ್ಕೆ ಅಪಾಯವಿತ್ತು? ಅದನ್ನು ತಪ್ಪಿಸಲು ಅಷ್ಟು ಬಲ ಬೇಕಿತ್ತೇ? ಇದರ ಉತ್ತರ ಕೆಲವು ನಿರ್ದಿಷ್ಟ ಕಾಗದಗಳಲ್ಲಿ ಇರುತ್ತದೆ. ವರದಿಗಾರರು, ವಕೀಲರು, ಸಂಘಟನೆಯವರು, ಸತ್ತವರ ಮನೆಯವರು ಅವನ್ನು ಮೊದಲ ವಾರದಲ್ಲೇ ಕೇಳಬೇಕು. ತಡವಾದರೆ ಕೆಲವು ಸಿಗುವುದೇ ಇಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಿ. ಪೊಲೀಸರಿಗೆ ಕೊಲ್ಲುವ ಪ್ರತ್ಯೇಕ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಆತ್ಮರಕ್ಷಣೆಯ ಹಕ್ಕು ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ. ಅದು ನಿಮಗೂ ಉಂಟು, ಪೇದೆಗೂ ಉಂಟು. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೇ ಕಲಂ ಗೆರೆ ಎಳೆಯುತ್ತದೆ. ಬಂಧಿಸುವಾಗ ಆರೋಪಿ ಪ್ರತಿರೋಧ ಒಡ್ಡಿದರೆ ಅಗತ್ಯವಿರುವ ಎಲ್ಲ ಕ್ರಮ ಬಳಸಬಹುದು ಎಂದು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಹೇಳುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕು ಇದರಿಂದ ಬರುವುದಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಇದನ್ನು ತಿರುಗಿಸಿ ಓದಿ ‘ಕೊಲೆ ಆರೋಪಿಯಾದರೆ ಗುಂಡಿಕ್ಕಬಹುದು’ ಎಂದು ವಾದಿಸುವವರು ಟಿವಿಯಲ್ಲಿ ದಿನವೂ ಸಿಗುತ್ತಾರೆ. ಹಾಗೆ ಓದುವುದು ತಪ್ಪು. ಅಲ್ಲಿಯೂ ‘ಅಗತ್ಯ’ ಎಂಬ ಅಳತೆ ಉಳಿದೇ ಇರುತ್ತದೆ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ ಮುಖ್ಯ ದಾಖಲೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದ ತೀರ್ಪು. 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ಈ ತೀರ್ಪಿನಲ್ಲಿ 16 ನಿರ್ದೇಶನಗಳಿವೆ, ಅವು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತವೆ. ಈ ದಾರಿಗೆ ಮೊದಲು ಕಲ್ಲು ಹಾಸಿದ್ದು 1997ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎಲ್ಲ ಮುಖ್ಯಮಂತ್ರಿಗಳಿಗೆ ಬರೆದ ಪತ್ರ. ಆಗ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ.

ಮೊದಲ ದಿನ ಎಫ್‌ಐಆರ್ ಪ್ರತಿ ಹುಡುಕಿ. ಕರ್ನಾಟಕ ಪೊಲೀಸ್ ಜಾಲತಾಣದಲ್ಲಿ ಸಿಗಬಹುದು. ಸೂಕ್ಷ್ಮ ಪ್ರಕರಣವೆಂದು ಏರಿಸದಿದ್ದರೆ ಮನೆಯವರ ಪರವಾಗಿ ವಕೀಲರು ನ್ಯಾಯಾಲಯದಿಂದ ಪಡೆಯಲಿ. ಸಿಕ್ಕ ಕೂಡಲೇ ಫಿರ್ಯಾದಿ ಯಾರು, ಆರೋಪಿ ಯಾರು ಎಂದು ನೋಡಿ. ಬಹುತೇಕ ಕಡೆ ಎಡವುವುದು ಇಲ್ಲೇ. ಗುಂಡು ಹಾರಿಸಿದ ಅಧಿಕಾರಿಯೇ ಫಿರ್ಯಾದಿ, ಸತ್ತವನೇ ಆರೋಪಿ, ನ್ಯಾಯ ಸಂಹಿತೆಯ ಕಲಂ ಕೊಲೆಯತ್ನದ್ದು (109) ಮತ್ತು ಸರ್ಕಾರಿ ನೌಕರನ ಮೇಲಿನ ಹಲ್ಲೆಯದ್ದು (132). ಆರೋಪಿ ಸತ್ತಿರುವುದರಿಂದ ಆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಸಾವು ಹೇಗಾಯಿತು ಎಂಬ ತನಿಖೆ ಆರಂಭವೇ ಆಗಿರುವುದಿಲ್ಲ. ಸಾವಿನ ಬಗ್ಗೆಯೇ ಎಫ್‌ಐಆರ್ ಇದೆಯೇ, ಅದು ತಡವಿಲ್ಲದೆ ನ್ಯಾಯಾಲಯ ತಲುಪಿತೇ ಎಂದು ಕೇಳಿ. ತಲುಪಿದ ದಿನ ಮತ್ತು ವೇಳೆ ನ್ಯಾಯಾಲಯದ ಪ್ರತಿಯ ಮೇಲೆ ಬರೆದಿರುತ್ತದೆ.

ಜೊತೆಗೆ ತನಿಖಾಧಿಕಾರಿ ಯಾರೆಂದು ಗುರುತು ಹಾಕಿಕೊಳ್ಳಿ. 2014ರ ತೀರ್ಪಿನ ಪ್ರಕಾರ ಸಿಐಡಿ ಇರಬೇಕು, ಇಲ್ಲವೇ ಬೇರೆ ಠಾಣೆಯ ತಂಡ ಇರಬೇಕು. ಮೇಲ್ವಿಚಾರಣೆ ಮಾಡುವವರು ಗುಂಡು ಹಾರಿಸಿದ ತಂಡದ ಮುಖ್ಯಸ್ಥರಿಗಿಂತ ಕನಿಷ್ಠ ಒಂದು ದರ್ಜೆ ಮೇಲಿನವರಾಗಿರಬೇಕು. ಅದೇ ಠಾಣೆಯವರೇ ತನಿಖೆ ಮಾಡುತ್ತಿದ್ದರೆ ಅಂದೇ ಎಸ್‌ಪಿ ಅಥವಾ ಪೊಲೀಸ್ ಕಮಿಷನರ್‌ಗೆ ಲಿಖಿತವಾಗಿ ಆಕ್ಷೇಪ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಆಕ್ಷೇಪ ಲೆಕ್ಕಕ್ಕೆ ಬರುವುದಿಲ್ಲ.

ವಿಚಾರಣೆ ನಡೆಸುವ ಮ್ಯಾಜಿಸ್ಟ್ರೇಟ್ ಯಾರು ಎಂಬುದನ್ನು ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಹಿಡಿಯಲು ಹೋದಾಗ ಗುಂಡೇಟು ಬಿದ್ದದ್ದು ಒಂದು ಬಗೆ, ಮಹಜರಿಗೆ ಕರೆದೊಯ್ದಾಗ ಬಿದ್ದದ್ದು ಇನ್ನೊಂದು ಬಗೆ. ಎರಡನೆಯದರಲ್ಲಿ ವ್ಯಕ್ತಿ ಪೊಲೀಸ್ ವಶದಲ್ಲಿದ್ದ. ಆದ್ದರಿಂದ ಅದು ಕಸ್ಟಡಿ ಸಾವು. ಸುರಕ್ಷಾ ಸಂಹಿತೆಯ 196(2)ನೇ ಕಲಂ ಪ್ರಕಾರ ನ್ಯಾಯಾಂಗದ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕು, ಉಪವಿಭಾಗಾಧಿಕಾರಿಯ ವಿಚಾರಣೆ ಸಾಲದು. ವಿಳಾಸ ತಿಳಿದಿರುವ ಬಂಧುಗಳಿಗೆ ಈ ವಿಚಾರಣೆಯ ಬಗ್ಗೆ ತಿಳಿಸಿ ಹಾಜರಿರಲು ಬಿಡಬೇಕು. ಕೈಕೋಳದ ಪ್ರಶ್ನೆಯನ್ನೂ ಇಲ್ಲೇ ಎತ್ತಿ. ಕೊಲೆ, ಅತ್ಯಾಚಾರದಂಥ ಆರೋಪವಿದ್ದವರಿಗೆ ಕೋಳ ಹಾಕಲು ಹೊಸ ಕಾನೂನೇ ಅವಕಾಶ ಕೊಟ್ಟಿದೆ. ಹಾಕಿರಲಿಲ್ಲವೇ? ಹಾಕಿದ್ದರೆ ಅವನು ಬಂದೂಕು ಕಸಿದದ್ದು ಹೇಗೆ?

ಶವದ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಮರಣೋತ್ತರ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರಿಂದ ಆಗಬೇಕು, ಪೂರ್ತಿ ವಿಡಿಯೊ ಚಿತ್ರೀಕರಣವಾಗಬೇಕು. ವರದಿ ಸಿಕ್ಕಾಗ ಗುಂಡು ಒಳಹೊಕ್ಕ ಗಾಯದ ಸುತ್ತ ಏನು ಬರೆದಿದ್ದಾರೆ ನೋಡಿ. ಪಿಸ್ತೂಲಿನ ಹೊಗೆಮಸಿ ಸಾಮಾನ್ಯವಾಗಿ ಒಂದಡಿಯೊಳಗಿಂದ ಹೊಡೆದಾಗ ಮಾತ್ರ ಚರ್ಮಕ್ಕೆ ಅಂಟುತ್ತದೆ. ಸುಡದ ಮದ್ದಿನ ಕಣಗಳು ಚುಚ್ಚಿದ ಚುಕ್ಕೆಗಳು ಎರಡು ಮೂರಡಿಯವರೆಗೂ ಕಾಣಬಹುದು. ‘ಓಡುತ್ತಿದ್ದವನಿಗೆ ದೂರದಿಂದ ಹೊಡೆದೆವು’ ಎಂಬ ಹೇಳಿಕೆಯಿದ್ದು ಗಾಯದ ಅಂಚು ಕಪ್ಪಾಗಿದ್ದರೆ ಎರಡೂ ಕೂಡುವುದಿಲ್ಲ. ಕಪ್ಪು ಇಲ್ಲ ಎಂದ ಮಾತ್ರಕ್ಕೆ ದೂರದಿಂದ ಹೊಡೆದರು ಎಂದೂ ತೀರ್ಮಾನಿಸಬೇಡಿ. ಮಸಿಯನ್ನು ಬಟ್ಟೆ ಹೀರಿಕೊಂಡಿರಬಹುದು. ಅದಕ್ಕೇ ಬಟ್ಟೆಯನ್ನು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸಿದರೇ ಎಂದು ಕೇಳಬೇಕು. ಗುಂಡು ಹಿಂದಿನಿಂದ ಮುಂದಕ್ಕೆ ಹೋಯಿತೇ, ಮೇಲಿನಿಂದ ಕೆಳಕ್ಕೆ ಇಳಿಯಿತೇ ಎಂಬುದೂ ವರದಿಯಲ್ಲಿರುತ್ತದೆ. ಅನುಮಾನವಿದ್ದರೆ ಮನೆಯವರು ದಹನ ಮಾಡದೆ ಹೂಳುವುದು ಲೇಸು, ಇಲ್ಲದಿದ್ದರೆ ಮರುಪರೀಕ್ಷೆಯ ದಾರಿ ಮುಚ್ಚಿಹೋಗುತ್ತದೆ.

ಗುಂಡಿನ ಲೆಕ್ಕ ಶಸ್ತ್ರಾಗಾರದ ಪುಸ್ತಕದಲ್ಲಿ ಸಿಗುತ್ತದೆ. ಯಾರಿಗೆ ಎಷ್ಟು ಕೊಟ್ಟರು, ಎಷ್ಟು ಹಾರಿತು, ಎಷ್ಟು ವಾಪಸು ಬಂತು ಎಂಬುದನ್ನು ಸ್ಥಳದ ಪಂಚನಾಮೆಯ ಖಾಲಿ ತೋಟಾಗಳ ಜೊತೆ ತಾಳೆ ಹಾಕಿ. ಪಿಸ್ತೂಲು ಖಾಲಿ ತೋಟಾವನ್ನು ಹೊರಗೆ ಎಸೆಯುತ್ತದೆ, ರಿವಾಲ್ವರ್ ಒಳಗೇ ಇಟ್ಟುಕೊಳ್ಳುತ್ತದೆ. ಈ ವ್ಯತ್ಯಾಸ ಅರಿಯದೆ ‘ಸ್ಥಳದಲ್ಲಿ ತೋಟಾ ಸಿಗಲಿಲ್ಲ’ ಎಂದು ಕೂಗಿ ಮುಖಭಂಗ ಮಾಡಿಕೊಂಡವರಿದ್ದಾರೆ. ಗಾಯಗೊಂಡ ಪೊಲೀಸರ ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಪ್ರಕರಣವಾಗುವ ಗಾಯಗಳ) ಪುಸ್ತಕದಲ್ಲಿರುವ ವೇಳೆ, ಠಾಣಾ ಡೈರಿಯಲ್ಲಿ ತಂಡ ಹೊರಟ ವೇಳೆ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಸುಳ್ಳು ಇದ್ದರೆ ಬಹಳ ಸಲ ಗಡಿಯಾರದಲ್ಲೇ ಸಿಕ್ಕಿಬೀಳುತ್ತದೆ. ಅಂಗಡಿಗಳ ಸಿಸಿಟಿವಿ ಕೆಲವೇ ವಾರಗಳಲ್ಲಿ ತಾನಾಗಿ ಅಳಿಯುತ್ತದೆ. ‘ಇಂಥ ದಿನ, ಇಂಥ ಗಂಟೆಯಿಂದ ಇಂಥ ಗಂಟೆವರೆಗಿನ ದೃಶ್ಯ ಕಾಪಾಡಿ’ ಎಂದು ತನಿಖಾಧಿಕಾರಿಗೂ ಅಂಗಡಿಯವರಿಗೂ ಮೊದಲ ವಾರವೇ ಪತ್ರ ಕೊಡಿ.

ಕಾಲಿಗೆ ಗುಂಡೇಟು ಬಿದ್ದ ಪ್ರಕರಣಗಳನ್ನು ಕೈಬಿಡಬೇಡಿ. ನಮ್ಮ ರಾಜ್ಯದಲ್ಲಿ ಹೆಚ್ಚು ಕೇಳಿಬರುವುದು ಇವೇ, ಚರ್ಚೆಯಾಗದೆ ಉಳಿಯುವುದೂ ಇವೇ. ತೀವ್ರ ಗಾಯವಾದಾಗಲೂ ಸಾಧ್ಯವಾದಷ್ಟು ಈ ನಿರ್ದೇಶನಗಳನ್ನು ಪಾಲಿಸಬೇಕು ಎಂದು 2014ರ ತೀರ್ಪು ಹೇಳಿದೆ. ಗಾಯಾಳುವಿನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಅಥವಾ ವೈದ್ಯಾಧಿಕಾರಿ ದಾಖಲಿಸಿದರೇ ಎಂಬುದೇ ಇಲ್ಲಿ ಮೊದಲ ಪ್ರಶ್ನೆ.

ವೇದಿಕೆಯ ಮೇಲಾಗಲಿ ಸ್ಟುಡಿಯೊದಲ್ಲಾಗಲಿ ‘ಪೊಲೀಸರ ಸ್ಥೈರ್ಯ ಕುಗ್ಗಿಸಬೇಡಿ’ ಎಂಬ ಮಾತು ಬಂದೇ ಬರುತ್ತದೆ. ಅದನ್ನು ತಳ್ಳಿಹಾಕಬೇಡಿ. ಲಾಂಗ್ ಬೀಸಿಕೊಂಡು ಬಂದವನ ಮುಂದೆ ನಿಂತ ಪೇದೆಯ ಭಯ ನಿಜವಾದದ್ದು. ಅಂಥವರನ್ನು ಕಾಪಾಡುವುದೂ ಇದೇ ಗಾಯದ ಪತ್ರ, ಇದೇ ಎಫ್‌ಎಸ್‌ಎಲ್ ವರದಿ. ‘ನ್ಯಾಯಾಲಯದಲ್ಲಿ ತಡವಾಗುತ್ತದೆ, ಇದೇ ಸರಿ’ ಎನ್ನುವವರ ಮುಂದೆ ಹೈದರಾಬಾದ್ ಪ್ರಕರಣ ಇಡಿ. 2019ರ ಡಿಸೆಂಬರ್ 6ರಂದು ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು, ಜನ ಹೂಮಳೆ ಸುರಿಸಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಬಂದೂಕು ಕಸಿದರೆಂಬ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತು, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದು ಅದು ಹೇಳಿತು. ಹತ್ತು ಪೊಲೀಸರ ಮೇಲೆ ಕೊಲೆ ಆರೋಪದ ವಿಚಾರಣೆ ನಡೆಯಲಿ ಎಂದೂ ಶಿಫಾರಸು ಮಾಡಿತು. ಬಹುಮಾನ ಘೋಷಿಸುವ ರಾಜಕಾರಣಿಗೆ 2014ರ ತೀರ್ಪಿನ 15ನೇ ನಿರ್ದೇಶನ ಓದಿ ಹೇಳಿ: ಶೌರ್ಯ ಸಂದೇಹಾತೀತವಾಗಿ ಸಾಬೀತಾಗುವವರೆಗೆ ತಕ್ಷಣದ ಶೌರ್ಯ ಪ್ರಶಸ್ತಿಯೂ ಇಲ್ಲ, ಸರದಿ ಮೀರಿದ ಬಡ್ತಿಯೂ ಇಲ್ಲ.

ಕೊನೆಗೆ ಅರ್ಜಿಗಳು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನ ಗಡುವು. ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ತನಿಖೆಗೆ ಅಡ್ಡಿ ಎಂಬ 8(1)(ಎಚ್) ಕಲಂ ತೋರಿಸಿ ಹಿಂದಕ್ಕೆ ಕಳಿಸುತ್ತಾರೆ. ಬದಲಿಗೆ ಮಾನವ ಹಕ್ಕುಗಳ ಆಯೋಗಕ್ಕೆ ಮಾಹಿತಿ ಕಳಿಸಿದ ದಿನಾಂಕ, ಮ್ಯಾಜಿಸ್ಟ್ರೇಟ್ ವಿಚಾರಣೆಯ ಆದೇಶದ ಸಂಖ್ಯೆ, ಆಯುಧ ಎಫ್‌ಎಸ್‌ಎಲ್‌ಗೆ ಹೋದ ದಿನಾಂಕ ಎಂದು ಒಂದೊಂದನ್ನೇ ಕೇಳಿ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಒಂದು ವರ್ಷದೊಳಗೆ ಹೋಗಬೇಕು, ಶುಲ್ಕವಿಲ್ಲ. ನಿರ್ದೇಶನಗಳನ್ನು ಪಾಲಿಸಿಲ್ಲ ಎಂದಾದರೆ ಸತ್ತವರ ಮನೆಯವರು ಘಟನೆ ನಡೆದ ಜಿಲ್ಲೆಯ ಸೆಷನ್ಸ್ ನ್ಯಾಯಾಧೀಶರಿಗೇ ದೂರು ಕೊಡಬಹುದು. ಆ ದೂರಿನಲ್ಲಿ ಸತ್ತವನ ಗುಣಗಾನ ಬೇಡ. ಯಾವ ನಿರ್ದೇಶನ, ಯಾವ ದಿನ, ಹೇಗೆ ತಪ್ಪಿತು ಎಂಬುದನ್ನು ಸಂಖ್ಯೆ ಹಾಕಿ ಬರೆಯಿರಿ, ಸ್ವೀಕೃತಿಯ ಪ್ರತಿಗಳನ್ನು ಲಗತ್ತಿಸಿ.